ಗ್ಲೋಬಿನ ಮೇಲೆ ನೂಲಿಟ್ಟು ವಿಮಾನದ ದಾರಿ ಅಳೆದದ್ದು: ನನ್ನ ಅನುಭವ

ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಹಲವು ಮಕ್ಕಳ ತಂದೆಯಂದಿರು ಗಲ್ಫಿನಲ್ಲಿ ದುಡಿಯುವವರಾದ್ದರಿಂದ ವಿಮಾನ ಹೊರಡುವ, ಇಳಿಯುವ ಹೊತ್ತು ಮಕ್ಕಳಿಗೆ ಬಾಯಿಪಾಠ. "ಟೀಚರೇ, ಅಪ್ಪ ಮಂಗಳೂರಿಂದ ಎಂಟು ಗಂಟೆಗೆ ಹೊರಟು ಹತ್ತಕ್ಕೆ ದುಬೈಯಲ್ಲಿ ಇಳಿದರು. ಬರುವಾಗ ಮಾತ್ರ ಐದು ಗಂಟೆ ಯಾಕೆ?" ಎಂದು ಒಬ್ಬಳು ಹುಡುಗಿ ಕೇಳಿದ ದಿನವೇ ನಾನು ಕಪಾಟಿನಿಂದ ಗ್ಲೋಬನ್ನು ಇಳಿಸಿದೆ.

ಅದರ ವ್ಯಾಸ 30 ಸೆಂಟಿಮೀಟರ್, ಸುತ್ತಳತೆ ಸುಮಾರು 94. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಆಗಿರುವುದರಿಂದ ಒಂದು ಸೆಂಟಿಮೀಟರ್ ನೂಲು ಸುಮಾರು 425 ಕಿಲೋಮೀಟರಿಗೆ ಸಮ. ಮೊದಲ ಸಲ ಉಣ್ಣೆಯ ನೂಲು ಬಳಸಿದ್ದು ತಪ್ಪಾಯಿತು. ಗ್ಲೋಬಿನ ಮೇಲೆ ಬಿಗಿಯಾಗಿ ಎಳೆದದ್ದು ಸ್ಕೇಲಿನ ಮೇಲಿಡುವಷ್ಟರಲ್ಲಿ ಕುಗ್ಗಿ, ದುಬೈ ಐನೂರು ಕಿಲೋಮೀಟರ್ ಹತ್ತಿರಕ್ಕೆ ಬಂದಿತ್ತು. ಹೊಲಿಗೆಯ ಹತ್ತಿನೂಲಿನಲ್ಲಿ ಅಳೆದಾಗ 5.8 ಸೆಂಟಿಮೀಟರ್, ಅಂದರೆ ಸುಮಾರು 2,460 ಕಿಲೋಮೀಟರ್ ಸಿಕ್ಕಿತು. ಎರಡೂ ಊರುಗಳ ಅಕ್ಷಾಂಶ, ರೇಖಾಂಶಗಳಿಂದ ಭೂಕೇಂದ್ರದಲ್ಲಿ ಉಂಟಾಗುವ ಕೋನವನ್ನು ಲೆಕ್ಕ ಹಾಕಿದರೆ 22 ಡಿಗ್ರಿಗಿಂತ ತುಸು ಹೆಚ್ಚು. ಡಿಗ್ರಿಗೆ 111 ಕಿಲೋಮೀಟರಿನಂತೆ (40,000ವನ್ನು 360ರಿಂದ ಭಾಗಿಸಿದರೆ ಬರುವುದು) ಗುಣಿಸಿದಾಗ ನೂಲಿನ ಅಳತೆ ಸರಿಯೆಂದು ಖಾತ್ರಿಯಾಯಿತು.

ಸಮಯಕ್ಕೆ ನಾನು ಹಿಡಿದ ಲೆಕ್ಕ ಸರಳ: ವಿಮಾನದ ವೇಗ ಗಂಟೆಗೆ ಸುಮಾರು 850 ಕಿಲೋಮೀಟರ್ ಎಂದು ಹಿಡಿದು ದೂರವನ್ನು 850ರಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸುವುದು. ದುಬೈಗೆ ಸುಮಾರು ಮೂರೂವರೆ ಗಂಟೆ ಬಂತು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಹೋಗುವಾಗ ಎರಡು ಗಂಟೆ, ಬರುವಾಗ ಐದು ಗಂಟೆ ಎಂದು ಕಾಣುತ್ತದೆ. ಗಾಳಿಯ ದಿಕ್ಕಿನಿಂದ ಆಗುವ ವ್ಯತ್ಯಾಸ ಇಷ್ಟು ದೂರಕ್ಕೆ ಬಹಳ ದೊಡ್ಡದಲ್ಲ.

ನನಗೇ ಬೆರಗು ಮೂಡಿಸಿದ್ದು ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ. ಗೋಡೆಯ ನಕ್ಷೆಯಲ್ಲಿ ಮಕ್ಕಳು ಪೂರ್ವಕ್ಕೆ, ಪೆಸಿಫಿಕ್ ಸಾಗರದ ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದರು. ಆ ದಾರಿ ಹಿಡಿದರೆ 16,000 ಕಿಲೋಮೀಟರ್ ಮೀರುತ್ತದೆ. ಆದರೆ ಗ್ಲೋಬಿನ ಮೇಲೆ ಎರಡು ತುದಿಗಳನ್ನು ಒತ್ತಿ ಹಿಡಿದು ನೂಲನ್ನು ಬಿಗಿಗೊಳಿಸಿದಂತೆ ಅದು ತಾನಾಗಿ ಬಡಗಣಕ್ಕೆ ಜಾರಿ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಅಂಚನ್ನು ಸವರಿ ಅಲಾಸ್ಕದ ಮೇಲೆ ಇಳಿಯಿತು. ಅಳತೆ 33 ಸೆಂಟಿಮೀಟರ್, ಅಂದರೆ ಸುಮಾರು 14,000 ಕಿಲೋಮೀಟರ್. ಸಮಯ 17 ಗಂಟೆ. ವಿಮಾನಗಳು ಈ ನೂಲಿನ ಗೆರೆಯನ್ನೇ ಹಿಡಿಯಬೇಕೆಂದಿಲ್ಲ. ಗಾಳಿಯನ್ನೂ ಯಾವ ದೇಶದ ಆಕಾಶ ತೆರೆದಿದೆ ಎಂಬುದನ್ನೂ ನೋಡಿ ದಾರಿ ಬದಲಿಸುತ್ತವೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದದ್ದು ಉತ್ತರ ಧ್ರುವದ ಮೇಲಿನಿಂದ. ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯರೂ ಎದ್ದು ಬಂದು ಗ್ಲೋಬಿನ ನೆತ್ತಿಯನ್ನು ಮುಟ್ಟಿ ನೋಡಿದರು.

ಪ್ರಶ್ನೆ ಕೇಳಿದ್ದ ಹುಡುಗಿ ಮರುದಿನ ಲೆಕ್ಕವನ್ನು ಮುಂದುವರಿಸಿ ತಂದಿದ್ದಳು. ಮನೆಯಿಂದ ತಲಪಾಡಿ ದಾಟಿ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣ ಮುಟ್ಟಲು ಎರಡು ಗಂಟೆ, ಅಲ್ಲಿ ಮೊದಲೇ ಹೋಗಿ ಕಾಯಲು ಮೂರು ಗಂಟೆ. ಹಾರುವುದಕ್ಕಿಂತ ಹೊರಡುವುದಕ್ಕೇ ಅಪ್ಪನಿಗೆ ಒಂದೂವರೆ ಗಂಟೆ ಹೆಚ್ಚು ಬೇಕು ಎಂದು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಳು.