ರಜೆಯಲ್ಲಿ ಬೋರಾದರೆ ವೋಟರ್ ಲಿಸ್ಟಿಗೆ ಹೆಸರು ಸೇರಿಸಿ

ಸೆಮಿಸ್ಟರ್ ರಜೆಯಲ್ಲಿ ಮದ್ದೂರಿನ ಮನೆಯಲ್ಲಿ ಮಾಡೋಕೆ ಕೆಲಸವೇ ಇರಲ್ಲ. ಅಪ್ಪ, ಚಿಕ್ಕಪ್ಪ ಜಗಲಿಯಲ್ಲಿ ಕೂತು ಕಾವೇರಿ ನೀರು, ಕಬ್ಬಿನ ರೇಟು ಅಂತ ರಾಜಕೀಯ ಶುರು ಮಾಡುತ್ತಾರೆ. ಮಧ್ಯೆ ಬಾಯಿ ಹಾಕಿದರೆ 'ನಿಂಗೆ ವೋಟೇ ಇಲ್ಲ, ಸುಮ್ನಿರು' ಅಂತಾರೆ. ಮೊದಲು ಅದನ್ನು ಸರಿ ಮಾಡಿಕೊಳ್ಳಿ.

ಬೇಕಿರುವುದು ಫಾರ್ಮ್ 6. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ತುಂಬಿ, ಇಲ್ಲವೇ ಊರಿನ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಕೊಡಿ. ಫೋಟೊ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ವಿಳಾಸಕ್ಕೆ ಅಪ್ಪನ ಹೆಸರಿನ ಕರೆಂಟ್ ಬಿಲ್ಲು ಇಟ್ಟುಕೊಳ್ಳಿ. 17 ತುಂಬಿದ್ದರೂ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಈ ನಾಲ್ಕು ತಾರೀಕುಗಳ ಲೆಕ್ಕದಲ್ಲಿ 18 ತುಂಬಿತಾ ಅಂತ ನೋಡುತ್ತಾರೆ.

ತಲೆ ಕೆಡುವುದು ವಿಳಾಸದಲ್ಲಿ. ಹಾಸ್ಟೆಲ್ ಮೈಸೂರಲ್ಲಿ, ಮನೆ ಮದ್ದೂರಲ್ಲಿ. ಎರಡೂ ಕಡೆ ಹೆಸರು ಇರುವಂತಿಲ್ಲ. ಹಾಸ್ಟೆಲ್ ವಿಳಾಸ ಕೊಟ್ಟರೆ ಅಲ್ಲೇ ಓದುತ್ತಿದ್ದೀರಿ ಅಂತ ಕಾಲೇಜು ಕೊಡುವ ಬೋನಫೈಡ್ ಪತ್ರ ಬೇಕು. ನಾನು ಊರನ್ನೇ ಇಟ್ಟುಕೊಂಡೆ. ಡಿಗ್ರಿ ಆದ ಮೇಲೆ ಕೆಎಎಸ್‌ಗೆ ಓದುವ ಆಸೆ, ಮೈಸೂರೋ ಬೆಂಗಳೂರೋ ಇನ್ನೂ ಗೊತ್ತಿಲ್ಲ. ಮನೆ ಬದಲಾದರೆ ಫಾರ್ಮ್ 8 ಇದ್ದೇ ಇದೆ. ಅಲ್ಲದೆ ನಾಲೆಗೆ ನೀರು ಯಾವಾಗ ಅಂತ ಕೇಳಬೇಕಿರುವುದು ಊರಲ್ಲೇ ಅಲ್ವಾ?

ಅರ್ಜಿಯ ರೆಫರೆನ್ಸ್ ನಂಬರಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಬಿಎಲ್‌ಒ ವಿಚಾರಿಸಲು ಬರಬಹುದು, ಅಮ್ಮನಿಗೆ ಮೊದಲೇ ಹೇಳಿರಿ.