ತುಲೂಸ್‌ಗೆ ಹೊಸಬರೇ? ಸೈಕಲ್ಲನ್ನು ಲೊರಾಗೆ ಹಳ್ಳಿಗಳ ಕಡೆ ತಿರುಗಿಸುವ ಮುಂಚೆ

ವಿಮಾನದ ಕೆಲಸಕ್ಕೋ ಓದುವುದಕ್ಕೋ ಫ್ರಾನ್ಸಿನ ತುಲೂಸ್‌ಗೆ ಬರುವ ನಮ್ಮವರು ಸುಮಾರು ಜನ ಮೊದಲ ಬೇಸಿಗೆಯಲ್ಲೇ ಒಂದು ಸೈಕಲ್ ಕೊಳ್ಳುತ್ತಾರೆ. ಆಮೇಲೆ ಅದು ಮನೆ, ಆಫೀಸು, ಕಾಲುವೆ ದಂಡೆ ಅಂತ ಅಷ್ಟರಲ್ಲೇ ಸುತ್ತುತ್ತಿರುತ್ತದೆ. ಊರಿನ ಆಗ್ನೇಯಕ್ಕೆ ಲೊರಾಗೆ ಅನ್ನುವ ಸೀಮೆ ಇದೆ. ಏರಿಳಿತದ ಗೋಧಿ ಹೊಲಗಳು, ಜುಲೈನಲ್ಲಿ ಸೂರ್ಯಕಾಂತಿ, ದಿಬ್ಬದ ತಲೆಯ ಮೇಲೆ ಕೂತ ಹಳ್ಳಿಗಳು, ಅಲ್ಲಲ್ಲಿ ಹಳೆಯ ಗಾಳಿಗಿರಣಿ. ಅಲ್ಲಿಗೆ ಹೋಗಲು ದೊಡ್ಡ ತಾಕತ್ತು ಬೇಡ. ಗಡಿಯಾರ ಮತ್ತು ಗಾಳಿ, ಇವೆರಡರ ಲೆಕ್ಕ ಗೊತ್ತಿದ್ದರೆ ಸಾಕು.

ಶುರು ಮಾಡುವುದಕ್ಕೆ ಕನಾಲ್ ದ್ಯು ಮಿದಿ ದಂಡೆಯೇ ಸರಿ. ಪಿಯೆರ್ ಪೋಲ್ ರಿಕೆ 1666ರಲ್ಲಿ ಕೆಲಸ ಹಿಡಿಸಿ, 1681ರ ಹೊತ್ತಿಗೆ ಮುಗಿದ ಕಾಲುವೆ ಇದು. ಸುಮಾರು 240 ಕಿಲೋಮೀಟರ್ ಉದ್ದ. ತುಲೂಸ್‌ನಿಂದ 50 ಕಿಲೋಮೀಟರ್‌ವರೆಗೆ ಟಾರು ಹಾಕಿದ ದಾರಿ, ಕಾರಿನ ಕಾಟವಿಲ್ಲ, ಏರೂ ಇಲ್ಲ. ಚಿನಾರ್ ಮರಗಳ ನೆರಳಿನ ಫೋಟೋ ನೋಡಿ ಹೊರಟವರು ಮಾತ್ರ ಟೋಪಿ ಮರೆಯಬೇಡಿ. ಈ ಮರಗಳಿಗೆ ಶಿಲೀಂಧ್ರದ ರೋಗ ಬಂದಿರುವುದು 2006ರಲ್ಲಿ ಪತ್ತೆಯಾಯಿತು. ಅಂದಿನಿಂದ ಸಾಲುಸಾಲಾಗಿ ಕಡಿಯುತ್ತಲೇ ಇದ್ದಾರೆ, ಕೆಲವು ಕಡೆ ಪೂರಾ ಬಯಲು.

ದಾರಿಯಲ್ಲಿ ನೊರೂಜ್ ಅಂತ ಒಂದು ಜಾಗ ಸಿಗುತ್ತದೆ, ತಪ್ಪದೆ ನಿಲ್ಲಿ. ಎತ್ತರ ಬರೀ 189 ಮೀಟರ್. ಆದರೆ ಕಾಲುವೆಯ ನೆತ್ತಿ ಇದೇ. ಮೋಂತಾನ್ಯ ನ್ವಾರ್ ಬೆಟ್ಟದಿಂದ ತೋಡಿನಲ್ಲಿ ತಂದ ನೀರು ಇಲ್ಲಿ ಎರಡು ಪಾಲಾಗಿ, ಒಂದು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ ಹರಿಯುತ್ತದೆ. ಸಕಲೇಶಪುರದ ಹತ್ತಿರ ಬಿಸಿಲೆಯಲ್ಲಿ ನೀರು ಎರಡು ಕಡಲಿಗೆ ಸೀಳಿಹೋಗುವ ಜಾಗ ನೋಡಿದವರಿಗೆ ಇದರ ಮಜಾ ಗೊತ್ತಾಗುತ್ತದೆ. ಅಲ್ಲಿ ಗುಡ್ಡ ಮಾಡಿದ ಕೆಲಸವನ್ನು ಇಲ್ಲಿ ಮನುಷ್ಯ ಗುದ್ದಲಿ ಹಿಡಿದು ಮಾಡಿದ್ದಾನೆ.

ಕಾಲುವೆ ದಂಡೆ ಸ್ವಲ್ಪ ದಿನಕ್ಕೆ ಬೇಜಾರು ಬರುತ್ತದೆ. ಹಳ್ಳಿಗಳೆಲ್ಲ ಮೇಲಿವೆ. ಮೇಲೆ ಹತ್ತುವಾಗ ಡಿ 813 ಅನ್ನುವ ಹಳೆಯ ಹೆದ್ದಾರಿಯಿಂದ ಮಾತ್ರ ದೂರ ಇರಿ. ಲಾರಿ, ಕಾರು ಎಲ್ಲ ಅಲ್ಲೇ ನುಗ್ಗುವುದು. ಮಿಶಲಾನ್ ಕಂಪನಿಯ ಕಾಗದದ ನಕ್ಷೆ ಒಂದು ಕೊಂಡುಕೊಳ್ಳಿ. ಅದರಲ್ಲಿ ಬಿಳಿ ಬಣ್ಣದ ಸಣ್ಣ ರಸ್ತೆಗಳೇ ನಮ್ಮವು. ಪಕ್ಕದಲ್ಲಿ ಹಸಿರು ಗೆರೆ ಎಳೆದಿದ್ದರೆ ನೋಟ ಚೆನ್ನಾಗಿದೆ ಎಂದರ್ಥ. ಫೋನಿನ ನಕ್ಷೆಯನ್ನೇ ನಂಬಿದರೆ ಅದು ಒಮ್ಮೊಮ್ಮೆ ಹೊಲದ ಮಣ್ಣುದಾರಿಗೆ ಇಳಿಸಿ ಸುಮ್ಮನಾಗುತ್ತದೆ.

ಇನ್ನು ರಸ್ತೆ ನಿಯಮ. ನಮ್ಮವರು ಎಡವುವುದು ಮುಖ್ಯವಾಗಿ ಒಂದೇ ಕಡೆ: ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು. ಹಳ್ಳಿಯೊಳಗೆ ಮನೆಗಳ ಸಂದಿಯಿಂದ ಒಂದು ಓಣಿ ಬಂದು ಸೇರುತ್ತದೆ. ಬೋರ್ಡಿಲ್ಲ, ಗೆರೆಯಿಲ್ಲ. ನೀವು ದೊಡ್ಡ ರಸ್ತೆಯಲ್ಲಿ ಇದ್ದೀರಿ ಅಂದುಕೊಂಡು ಹೋಗುತ್ತೀರಿ, ಆ ಓಣಿಯ ಅಜ್ಜ ನಿಮ್ಮನ್ನು ನೋಡದೇ ಕಾರು ಹೊರಗೆ ತರುತ್ತಾನೆ. ಕಾನೂನು ಅವನ ಕಡೆಗಿದೆ. ಹಳದಿ ಚೌಕವನ್ನು ಮೂಲೆ ಮೇಲೆ ನಿಲ್ಲಿಸಿದಂಥ ಬೋರ್ಡು ಕಂಡರೆ ಹಕ್ಕು ನಿಮ್ಮದು. ಅದರ ಮೇಲೆ ಅಡ್ಡಗೆರೆ ಬಂತೋ, ಮುಗೀತು.

ರಸ್ತೆಯ ಬಲಕ್ಕೆ ಹೋಗಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಊಟಕ್ಕೆ ನಿಂತು, ಖಾಲಿ ರಸ್ತೆಯಲ್ಲಿ ಮತ್ತೆ ಹೊರಡುವ ಆ ಗಳಿಗೆಯಲ್ಲಿ ಹಳೆಯ ಅಭ್ಯಾಸ ಎಡಕ್ಕೆ ಎಳೆಯುತ್ತದೆ. ಅಲ್ಲಿ ಹುಷಾರು. ಊರ ಹೊರಗೆ ನಿಮ್ಮನ್ನು ದಾಟುವ ಕಾರು 1.5 ಮೀಟರ್ ಜಾಗ ಬಿಡಬೇಕು, ಊರೊಳಗೆ 1 ಮೀಟರ್. ಹೆಚ್ಚಿನವರು ಬಿಡುತ್ತಾರೆ. ಹಾಗಾಗಿ ಅಂಚಿನ ಜಲ್ಲಿಯಲ್ಲಿ ಮುದುಡಿಕೊಂಡು ಹೋಗಬೇಡಿ, ಸ್ವಲ್ಪ ಒಳಗೇ ತುಳಿಯಿರಿ. ಇಯರ್‌ಫೋನ್ ಹಾಕಿಕೊಂಡರೆ 135 ಯೂರೋ ದಂಡ. ಬೆಲ್ ಇರಲೇಬೇಕು. ಕತ್ತಲಾದರೆ ಮುಂದೆ ಹಿಂದೆ ಲೈಟು, ಊರ ಹೊರಗೆ ಹೊಳೆಯುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ ಕಾನೂನಿನ ಪ್ರಕಾರ 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕಡ್ಡಾಯ, ನೀವೂ ಹಾಕಿಕೊಳ್ಳಿ. ಗ್ರಾವಿಯೋಂ ಅಂತ ಬೋರ್ಡು ಕಂಡರೆ ಹೊಸದಾಗಿ ಸಡಿಲ ಜಲ್ಲಿ ಸುರಿದಿದ್ದಾರೆ ಅಂತ ತಿಳಿದು, ಇಳಿಜಾರಾದರೆ ಮೊದಲೇ ನಿಧಾನ ಮಾಡಿ.

ಈಗ ಗಡಿಯಾರದ ವಿಷಯ. ಹಳ್ಳಿಯ ಬೇಕರಿ ಬೆಳಿಗ್ಗೆ ಬೇಗ ತೆರೆಯುತ್ತದೆ, ಮಧ್ಯಾಹ್ನ ಮುಚ್ಚಿ ಮತ್ತೆ ಸಂಜೆ ಕಡೆಗೆ ತೆರೆಯುತ್ತದೆ. ಭಾನುವಾರ ಬೆಳಿಗ್ಗೆ ಇರುತ್ತದೆ, ಮಧ್ಯಾಹ್ನ ನೊಣವೂ ಇರುವುದಿಲ್ಲ. ಸೋಮವಾರ ಎಷ್ಟೋ ಕಡೆ ರಜೆ. ಹೋಟೆಲಿನಲ್ಲಿ 12ರಿಂದ ಒಂದೂವರೆಯೊಳಗೆ ಹೋಗಿ ಕೂತರೆ ಊಟ. ಎರಡೂವರೆಗೆ ಹೋಗಿ ಏನಾದರೂ ಕೊಡಿ ಅಂದರೆ ಕಾಫಿ ಬಿಟ್ಟು ಬೇರೇನೂ ಸಿಗುವುದಿಲ್ಲ. ಆದ್ದರಿಂದ ಬೇಗ ಹೊರಡಿ, ಹನ್ನೊಂದೂವರೆಗೆಲ್ಲ ಮಧ್ಯಾಹ್ನದ ಬ್ರೆಡ್ಡು ಬ್ಯಾಗಿಗೆ ಸೇರಿರಲಿ. ಅಂಗಡಿಗೆ ಕಾಲಿಟ್ಟ ತಕ್ಷಣ ಬೋಂಜೂರ್ ಹೇಳಿ, ಬೇಕಾದ್ದನ್ನು ಆಮೇಲೆ ಕೇಳಿ. ಅದನ್ನು ಬಿಟ್ಟು ನೇರ ವ್ಯಾಪಾರಕ್ಕೆ ಇಳಿದರೆ ಮುಖ ಗಂಟಿಕ್ಕುತ್ತಾರೆ. ಸೊಕ್ಕು ಅಂದುಕೊಳ್ಳಬೇಡಿ, ಅವರ ಲೆಕ್ಕದಲ್ಲಿ ಸೊಕ್ಕು ತೋರಿಸಿದ್ದು ನಾವು.

ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದೇ ವಾಸಿ. ಪುಳಿಯೋಗರೆ, ಚಟ್ನಿಪುಡಿ ಹಚ್ಚಿ ಸುತ್ತಿದ ಚಪಾತಿ ಇವು ಬಿಸಿಲಿಗೆ ತಡೆಯುತ್ತವೆ, ಮೊಸರನ್ನ ತಡೆಯುವುದಿಲ್ಲ. ಕಾಸ್ತೆಲ್‌ನೊದಾರಿ ಊರಿನ ಹೆಸರಾಂತ ಕಾಸುಲೆ ಅನ್ನುವ ಅಡುಗೆಯಲ್ಲಿ ಬಿಳಿ ಕಾಳು ಕಂಡು ಮೋಸ ಹೋಗಬೇಡಿ. ಅದರಡಿಯಲ್ಲಿ ಹಂದಿ, ಬಾತುಕೋಳಿ ಎರಡೂ ಇರುತ್ತವೆ. ಬೇಕರಿಯ ಕೀಶ್‌ನಲ್ಲೂ ಸಣ್ಣ ಮಾಂಸದ ಚೂರುಗಳಿರಬಹುದು. ಮಾಂಸ ಬೇಡ ಎಂದಷ್ಟೇ ಹೇಳಿದರೆ ಕೆಲವರ ಲೆಕ್ಕದಲ್ಲಿ ಹ್ಯಾಮ್ ಮಾಂಸವೇ ಅಲ್ಲ. "ಸಾಂ ಜಾಂಬೋಂ, ಸಾಂ ಲಾರ್ದೋಂ" (ಹ್ಯಾಮ್ ಬೇಡ, ಹಂದಿಮಾಂಸದ ಚೂರೂ ಬೇಡ) ಅಂತ ಬಿಡಿಸಿ ಹೇಳಿ.

ನೀರು? ಸ್ಮಶಾನದಲ್ಲಿ ಸಿಗುತ್ತದೆ. ನಗಬೇಡಿ, ಇಲ್ಲಿನ ಸೈಕಲ್ ಸವಾರರೆಲ್ಲ ಹಾಗೇ ಮಾಡುತ್ತಾರೆ. ಸಮಾಧಿಯ ಹೂಕುಂಡಗಳಿಗೆ ಹಾಕಲೆಂದು ಗೇಟಿನ ಹತ್ತಿರ ನಲ್ಲಿ ಇಟ್ಟಿರುತ್ತಾರೆ, ಪಕ್ಕದಲ್ಲಿ ಪ್ಲಾಸ್ಟಿಕ್ ಕ್ಯಾನುಗಳು ನೇತಾಡುತ್ತಿರುತ್ತವೆ. ಎಷ್ಟೋ ಊರುಗಳಲ್ಲಿ ಅದು ಮನೆಗೆ ಬರುವ ನೀರೇ. "ನೋಂ ಪೊತಾಬ್ಲ್" ಅಂತ ಬರೆದಿದ್ದರೆ ಮಾತ್ರ ಕುಡಿಯಬಾರದು. ಸ್ಮಶಾನ ಅಂತ ಮೊದಮೊದಲು ಮನಸ್ಸು ಅಳುಕುತ್ತದೆ, 35 ಡಿಗ್ರಿ ಬಿಸಿಲಲ್ಲಿ ಬಾಟಲಿ ಖಾಲಿಯಾದಾಗ ಅಳುಕು ತಾನಾಗಿ ಹೋಗುತ್ತದೆ. ಸೈಕಲ್ ಹೊರಗೆ ಒರಗಿಸಿ, ಹೆಲ್ಮೆಟ್ ತೆಗೆದು ಒಳಗೆ ಹೋಗಿ. ಗೇಟು ಕಿರುಗುಟ್ಟುತ್ತದೆ, ಹೂವಿಗೆ ನೀರು ಹಾಕುತ್ತಿರುವ ಅಜ್ಜಿ ತಿರುಗಿ ನೋಡುತ್ತಾರೆ. ಅವರಿಗೊಂದು ಬೋಂಜೂರ್ ಹೇಳಿ. ಬಾಟಲಿ ತುಂಬಿಸಿಕೊಳ್ಳಿ, ಅಲ್ಲೇ ಮುಖ ಕಾಲು ತೊಳೆಯಲು ಹೋಗಬೇಡಿ. ಹೊರಬರುವಾಗ ಗೇಟಿನ ಚಿಲಕ ಹಾಕಿ. ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟದಿರಲೆಂದು ಕೆಲವು ಕಡೆ ನೀರು ನಿಲ್ಲಿಸಿರುತ್ತಾರೆ. ನವೆಂಬರ್ 1 ಅವರು ಹಿರಿಯರನ್ನು ನೆನೆಯಲು ಬರುವ ಹಬ್ಬ, ಅವತ್ತು ಹೋಗದಿದ್ದರೆ ಚೆನ್ನ.

ಗಾಳಿಯ ಲೆಕ್ಕ ಇದಕ್ಕಿಂತ ಸುಲಭ. ಓತಾಂ ಅನ್ನುವ ಗಾಳಿ ಆಗ್ನೇಯದಿಂದ ಬೀಸುತ್ತದೆ, ಜೋರಾಗಿ. ಶುರುವಾದರೆ ಮೂರು, ಆರು, ಇಲ್ಲ ಒಂಬತ್ತು ದಿನ ಅಂತ ಊರವರ ಮಾತು. ಓತಾಂ ಇದ್ದ ದಿನ ಎದುರುಗಾಳಿಗೆ ಮೊದಲು ತುಳಿದು, ಸುಸ್ತಾದ ಮೇಲೆ ಅದೇ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ತುಲೂಸ್‌ಗೆ ಬನ್ನಿ. ಪಶ್ಚಿಮದ ಗಾಳಿಯಿದ್ದರೆ ಹೋಗುವಾಗ ಹಾರಿಕೊಂಡು ಹೋಗಿ ವಿಲ್‌ಫ್ರಾಂಶ್, ಅವಿನ್ಯೋನೆ ಅಥವಾ ಕಾಸ್ತೆಲ್‌ನೊದಾರಿಯಿಂದ ವಾಪಸು ಬರಲು ಟಿಇಆರ್ ಅನ್ನುವ ಪ್ರಾದೇಶಿಕ ರೈಲು ಹಿಡಿಯಿರಿ. ಸೈಕಲ್ಲಿಗೆ ಜಾಗ ಕಮ್ಮಿ, ಬೇಸಿಗೆ ಭಾನುವಾರ ಸಂಜೆ ಬಾಗಿಲಲ್ಲೇ ತಳ್ಳಾಟ. ಒಂದು ರೈಲು ಮುಂಚೆಯೇ ನೋಡಿಕೊಳ್ಳಿ.

ಯಾವ ಹಳ್ಳಿ ಅಂತ ಕೇಳಿದರೆ ನನ್ನ ಮತ ಸೇಂ ಫೆಲಿಕ್ಸ್‌ಗೆ. ಚರ್ಚು ಪಾಷಂಡಿಗಳೆಂದು ದೂರವಿಟ್ಟ ಕಾಥಾರ್ ಎಂಬ ಕ್ರೈಸ್ತ ಪಂಥದವರು 1167ರಲ್ಲಿ ಸಭೆ ಸೇರಿದ್ದು ಇಲ್ಲೇ ಎನ್ನುತ್ತಾರೆ. ಗುಡ್ಡದ ಅಂಚಿನಲ್ಲಿ ನಿಂತರೆ ಬಯಲು ಪೂರ್ತಿ ಕಾಣುತ್ತದೆ, ಗಾಳಿ ಶುಭ್ರವಾಗಿದ್ದರೆ ಪಿರಿನೀಸ್ ಕೂಡ. ಅಲ್ಲಿಂದ ರೆವೆಲ್ ಹತ್ತಿರ. 14ನೇ ಶತಮಾನದಲ್ಲಿ ಚೌಕಾಕಾರದ ಯೋಜನೆ ಹಾಕಿ ಕಟ್ಟಿದ ಊರು, ನಡುವೆ ಮರದ ಕಂಬಗಳ ದೊಡ್ಡ ಸಂತೆಕಟ್ಟೆ, ಶನಿವಾರ ಬೆಳಿಗ್ಗೆ ಸಂತೆ. ರೆವೆಲ್‌ಗೆ ರೈಲಿಲ್ಲ, ವಾಪಸು ತುಳಿಯಲು ಕಾಲಲ್ಲಿ ಸ್ವಲ್ಪ ಉಳಿಸಿಕೊಂಡಿರಿ.

ಈ ಸೀಮೆಗೆ ಒಂದು ಕಾಲದಲ್ಲಿ ದುಡ್ಡು ತಂದದ್ದು ಪಾಸ್ತೆಲ್ ಅನ್ನುವ ಗಿಡ. ಅದರ ಎಲೆ ಅರೆದು, ಉಂಡೆ ಕಟ್ಟಿ, ನೀಲಿ ಬಣ್ಣ ತೆಗೆಯುತ್ತಿದ್ದರು. ತುಲೂಸ್‌ನ ಅಸೆಜಾ ಬಂಗಲೆ ಕಟ್ಟಿಸಿದವನೂ ಪಾಸ್ತೆಲ್ ವರ್ತಕನೇ. 16ನೇ ಶತಮಾನದ ಕೊನೆಯರ್ಧದಲ್ಲಿ ಮತಯುದ್ಧಗಳು ಒಂದು ಕಡೆ, ಹಡಗಿನಲ್ಲಿ ಬಂದ ಭಾರತದ ನೀಲಿ ಇನ್ನೊಂದು ಕಡೆ ಹೊಡೆದು ಆ ವ್ಯಾಪಾರ ಮಲಗಿಬಿಟ್ಟಿತು. ಹಳ್ಳಿಯವರಿಗೆ ನೀವು ಭಾರತದವರು ಅಂತ ಗೊತ್ತಾದರೆ ತಮಾಷೆಗೆ ಈ ಮಾತು ಎತ್ತುವವರೂ ಇದ್ದಾರೆ.

ಬಿದ್ದು ಪೆಟ್ಟಾದರೆ 112. ಇಲ್ಲಿ ಸೇಂ ಅಂತ ಶುರುವಾಗುವ ಊರು ಲೆಕ್ಕವಿಲ್ಲದಷ್ಟು, ಹಾಗಾಗಿ ಊರಿನ ಜೊತೆ ರಸ್ತೆಯ ಡಿ ನಂಬರನ್ನೂ ಹೇಳಿ. ಹಳದಿ ತಲೆಯ ಕಿಲೋಮೀಟರ್ ಕಲ್ಲಿನ ಮೇಲೆ ಅದು ಬರೆದಿರುತ್ತದೆ. ಬೇರೆಯವರಿಗೆ ನಿಮ್ಮಿಂದ ಹಾನಿಯಾದರೆ ಸಾಮಾನ್ಯವಾಗಿ ಬಾಡಿಗೆ ಮನೆಯ ವಿಮೆಯಲ್ಲೇ ರಕ್ಷಣೆ ಇರುತ್ತದೆ, ಪತ್ರ ತೆಗೆದು ಒಮ್ಮೆ ನೋಡಿ. ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಬೇಟೆ ಕಾಲ. ಕಾಡಿನ ಅಂಚಲ್ಲಿ ದೂರದಿಂದಲೇ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಇರಲಿ.

ಒಬ್ಬರೇ ಹೋಗಲು ಮನಸ್ಸಿಲ್ಲದಿದ್ದರೆ ಕ್ಲಬ್ ಸೇರಿ. ಬೆಂಗಳೂರಿನಲ್ಲಿ 200 ಕಿಲೋಮೀಟರ್ ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಿ ಬಂದವರಿಗೆ ಇದು ತವರುಮನೆ. ಆ ಬ್ರೆವೆಗಳಿಗೆ ಮಾನ್ಯತೆ ಕೊಡುವುದು ಪ್ಯಾರಿಸ್ಸಿನ ಓಡಾಕ್ಸ್ ಕ್ಲಬ್ಬೇ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿಲೋಮೀಟರಿನ ಪ್ಯಾರಿಸ್-ಬ್ರೆಸ್ತ್-ಪ್ಯಾರಿಸ್ ಸವಾರಿ ಮುಂದೆ ಬರುವುದು 2027ರಲ್ಲಿ. ಅಷ್ಟೆಲ್ಲ ಬೇಡ ಅನ್ನುವವರಿಗೂ ಜಾಗವಿದೆ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಪ್ರತಿ ಊರೂ ತನ್ನ ಸಂಘಗಳ ಮೇಳ ನಡೆಸುತ್ತದೆ. ಸೈಕಲ್ ಕ್ಲಬ್ಬಿನ ಮೇಜಿಗೆ ಹೋಗಿ, ನಿಧಾನದ ಗುಂಪು ಭಾನುವಾರ ಎಷ್ಟು ಹೊತ್ತಿಗೆ ಹೊರಡುತ್ತದೆ ಅಂತ ಕೇಳಿ. ಮೇಜಿನ ಹಿಂದೆ ಕೂತವರು ಸಾಮಾನ್ಯವಾಗಿ ನಿವೃತ್ತರು. ಮೊದಲ ಏರಿನಲ್ಲೇ ನಿಮ್ಮನ್ನು ಹಿಂದೆ ಹಾಕಿ, ಮೇಲೆ ನಿಂತು ಕಾಯುತ್ತಾರೆ.