ಒಂದೇ ಟೈಟರ್ ಸಾಲದು: ಕಡಲ ಸಸ್ತನಿಗಳ ರಕ್ತಪರೀಕ್ಷೆಯಲ್ಲಿ ನನ್ನ ಅನುಭವ

ಕಡಲ ಸಸ್ತನಿಗಳಿಗೆ ಚಿಕಿತ್ಸೆ ನೀಡುವ ಪಶುವೈದ್ಯೆಯಾಗಿ ನಾನು ಹೆಚ್ಚಾಗಿ ಮಾಡಿರುವ ಪ್ರತಿಕಾಯ ಪರೀಕ್ಷೆಗಳು ಬ್ರುಸೆಲ್ಲಾ ಮತ್ತು ಲೆಪ್ಟೊಸ್ಪೈರಾ ಎಂಬ ಎರಡು ಬ್ಯಾಕ್ಟೀರಿಯಾಗಳಿಗೆ ಸಂಬಂಧಿಸಿದವು. ಈ ಪರೀಕ್ಷೆಗಳಲ್ಲಿ ಬಹುಪಾಲು ಜಾನುವಾರು ಮತ್ತು ಮನುಷ್ಯರಿಗಾಗಿ ರೂಪುಗೊಂಡವು. ಅವನ್ನು ಸೀಲ್, ಕಡಲಸಿಂಹ, ಡಾಲ್ಫಿನ್‌ಗಳ ರಕ್ತಕ್ಕೆ ಹೊಂದಿಸಿಕೊಳ್ಳುವಾಗ ಟೈಟರ್ (ರಕ್ತದಲ್ಲಿ ಪ್ರತಿಕಾಯ ಎಷ್ಟಿದೆಯೆಂದು ತೋರಿಸುವ ಸಂಖ್ಯೆ) ಸೇರಿದಂತೆ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ನಾನು ಕೆಲಸ ಮಾಡುತ್ತಲೇ ಕಲಿತೆ.

ರಕ್ತ ತೆಗೆಯುವ ಜಾಗ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಡಾಲ್ಫಿನ್ನಿನ ಬಾಲದ ಈಜುರೆಕ್ಕೆಯಲ್ಲಿ ಮೈಶಾಖವನ್ನು ಉಳಿಸಿಕೊಳ್ಳಲೆಂದು ಅಪಧಮನಿಯನ್ನು ಅಭಿಧಮನಿಗಳು ಸುತ್ತುವರಿದಿರುವುದರಿಂದ, ಸೂಜಿಗೆ ಸಿಗುವುದು ಅನೇಕ ಸಲ ಎರಡರ ಮಿಶ್ರಣ. ಪ್ರತಿಕಾಯಗಳ ಪರೀಕ್ಷೆಗೆ ಅದರಿಂದ ಬಾಧಕವಿಲ್ಲ. ಕಡಲಸಿಂಹದಲ್ಲಿ ಸೊಂಟದ ಹಿಂಬದಿಯ ಗ್ಲೂಟಿಯಲ್ ಅಭಿಧಮನಿಯನ್ನೂ, ಹೊರಗಿವಿಯಿಲ್ಲದ ಸೀಲ್‌ಗಳಲ್ಲಿ ಬೆನ್ನುಮೂಳೆಯೊಳಗಿನ ಅಭಿಧಮನಿಯನ್ನೂ ಬಳಸುತ್ತೇನೆ. ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸುವ ಉದ್ದೇಶವಿದ್ದರೆ ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಮತ್ತು ಆಲ್ಕೋಹಾಲ್‌ನಿಂದ ಶುಚಿಗೊಳಿಸಿ, ಆಂಟಿಬಯೋಟಿಕ್ ಕೊಡುವ ಮೊದಲೇ, ಇತರ ನಳಿಕೆಗಳಿಗಿಂತ ಮುಂಚೆ ಕಲ್ಚರ್ ಬಾಟಲಿಯನ್ನು ತುಂಬುತ್ತೇನೆ.

ಬ್ರುಸೆಲ್ಲಾದ ಸಂಗತಿಯೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ಕಡಲ ಸಸ್ತನಿಗಳಲ್ಲಿ ಈ ಬ್ಯಾಕ್ಟೀರಿಯಾ ಮೊದಲು ವರದಿಯಾದದ್ದು 1994ರಲ್ಲಿ: ಸ್ಕಾಟ್ಲೆಂಡಿನ ದಡಕ್ಕೆ ಬಿದ್ದ ಪ್ರಾಣಿಗಳಲ್ಲಿ, ಮತ್ತು ಕ್ಯಾಲಿಫೋರ್ನಿಯಾದಲ್ಲಿ ಡಾಲ್ಫಿನ್ನೊಂದರ ಗರ್ಭಪಾತವಾದ ಭ್ರೂಣದಲ್ಲಿ. 2007ರಲ್ಲಿ ಇವುಗಳಿಗೆ ಬ್ರುಸೆಲ್ಲಾ ಸೀಟಿ, ಬ್ರುಸೆಲ್ಲಾ ಪಿನ್ನಿಪೀಡಿಯಾಲಿಸ್ ಎಂಬ ಹೆಸರುಗಳು ಬಂದವು. ದನಗಳನ್ನು ಕಾಡುವ ಬ್ರುಸೆಲ್ಲಾದ ಹೊರಕವಚದ ಶರ್ಕರ ಸರಪಳಿಗೂ ಇವುಗಳದ್ದಕ್ಕೂ ಹತ್ತಿರದ ಹೋಲಿಕೆಯಿರುವುದರಿಂದ, ದನಗಳಿಗೆಂದು ತಯಾರಾದ ರೋಸ್ ಬೆಂಗಾಲ್ ಆ್ಯಂಟಿಜೆನ್ (ಬಣ್ಣ ಹಚ್ಚಿದ, ಸತ್ತ ಬ್ರುಸೆಲ್ಲಾ ಕೋಶಗಳ ದ್ರವ) ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಬಿಳಿ ಫಲಕದ ಮೇಲೆ ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವ) ಮತ್ತು ಆ್ಯಂಟಿಜೆನ್‌ಗಳನ್ನು ಸಮಪ್ರಮಾಣದಲ್ಲಿ ಬೆರೆಸಿ, ನಾಲ್ಕು ನಿಮಿಷ ಮೆಲ್ಲಗೆ ಅಲುಗಾಡಿಸಿ, ಹರಳುಗಟ್ಟಿದಂಥ ಗುಂಪುಗಳು ಕಾಣಿಸುತ್ತವೆಯೇ ಎಂದು ಕೂಡಲೇ ನೋಡಬೇಕು. ಕೆಂಪುಕಣಗಳು ಒಡೆದು ಬಣ್ಣ ತಿರುಗಿದ ಸೀರಮ್‌ನಲ್ಲಿ ಈ ನಿರ್ಣಯ ಕಠಿಣ. ಆದ್ದರಿಂದ ರಕ್ತ ಪೂರ್ತಿ ಹೆಪ್ಪುಗಟ್ಟುವ ತನಕ ಕಾದು, ಆನಂತರವೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇನೆ.

ರೋಸ್ ಬೆಂಗಾಲ್ ಪರೀಕ್ಷೆ ಸಕಾರಾತ್ಮಕವಾದ ಮಾತ್ರಕ್ಕೆ ಬ್ರುಸೆಲ್ಲಾ ಎಂದು ಬರೆಯಲಾಗದು, ಏಕೆಂದರೆ ಯೆರ್ಸಿನಿಯಾ ಎಂಟರೊಕೊಲಿಟಿಕಾ ಓ:9ರಂಥ ಬ್ಯಾಕ್ಟೀರಿಯಾಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳೂ ಅದೇ ಫಲಿತಾಂಶ ಕೊಡಬಲ್ಲವು. ಎರಡನೆಯ ಪರೀಕ್ಷೆಯಾಗಿ ನಾನು ಆರಿಸಿಕೊಳ್ಳುವುದು ಸ್ಪರ್ಧಾತ್ಮಕ ಎಲೈಸಾವನ್ನು (ಎಲೈಸಾ ಎಂದರೆ ಬಣ್ಣದ ಬದಲಾವಣೆಯಿಂದ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ). ಸಾಮಾನ್ಯ ಎಲೈಸಾದಲ್ಲಿ ಆಯಾ ಪ್ರಾಣಿಯ ಪ್ರತಿಕಾಯವನ್ನು ಗುರುತಿಸುವ ಇನ್ನೊಂದು ಪ್ರತಿಕಾಯ ಬೇಕು. ತಿಮಿಂಗಿಲ, ಸೀಲ್‌ಗಳಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಸ್ಪರ್ಧಾತ್ಮಕ ವಿಧಾನದಲ್ಲಿ ಪ್ರಾಣಿಯ ಪ್ರತಿಕಾಯವು ಗುರುತು ಹಚ್ಚಿದ ಪ್ರತಿಕಾಯವನ್ನು ಎಷ್ಟು ಹೊರದೂಡಿತೆಂದು ಅಳೆಯುವುದರಿಂದ ಆ ತೊಡಕು ತಪ್ಪುತ್ತದೆ. ಆದರೂ ಸಕಾರಾತ್ಮಕ, ನಕಾರಾತ್ಮಕಗಳನ್ನು ಬೇರ್ಪಡಿಸಲು ದನಗಳಿಗೆ ಗೊತ್ತುಪಡಿಸಿದ ಗಡಿಸಂಖ್ಯೆಯನ್ನು ಹಾಗೆಯೇ ಒಪ್ಪಿಕೊಳ್ಳದೆ, ಅದೇ ಜಾತಿಯ ಆರೋಗ್ಯವಂತ ಪ್ರಾಣಿಗಳ ಸೀರಮ್ ಸಿಕ್ಕಾಗಲೆಲ್ಲ ಅದನ್ನು ಪಕ್ಕದಲ್ಲಿಟ್ಟು ಹೋಲಿಸುತ್ತೇನೆ.

ಕ್ಯಾಲಿಫೋರ್ನಿಯಾ ಕಡಲಸಿಂಹಗಳಲ್ಲಿ ಲೆಪ್ಟೊಸ್ಪೈರಾ ಪೊಮೋನಾ ಮೂತ್ರಪಿಂಡಗಳನ್ನು ಹಿಡಿಯುತ್ತದೆ. ಪ್ರಾಣಿ ಸಪ್ಪಗಾಗಿ, ಈಜುರೆಕ್ಕೆಗಳನ್ನು ಹೊಟ್ಟೆಗೊತ್ತಿಕೊಂಡು ಮುದುಡಿ, ಎಂದಿನ ರೂಢಿಗೆ ವಿರುದ್ಧವಾಗಿ ನೀರು ಕುಡಿಯತೊಡಗಿದರೆ ನನಗೆ ಮೊದಲು ಬರುವ ಸಂದೇಹ ಇದೇ. ರಕ್ತದಲ್ಲಿ ಯೂರಿಯಾ, ಕ್ರಿಯಾಟಿನಿನ್, ಫಾಸ್ಫರಸ್ ಏರಿದ್ದರೆ ಸಂದೇಹ ಬಲವಾಗುತ್ತದೆ. ಆಗ ಮಾಡಬೇಕಾದದ್ದು ಮ್ಯಾಟ್, ಅಂದರೆ ಜೀವಂತ ಲೆಪ್ಟೊಸ್ಪೈರಾಗಳಿಗೆ ಸೀರಮ್ ಬೆರೆಸಿ, ಕಪ್ಪು ಹಿನ್ನೆಲೆಯ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ಸೀರಮ್ಮನ್ನು ಸಾಮಾನ್ಯವಾಗಿ 1:100ರಿಂದ ಆರಂಭಿಸಿ, ಪ್ರತಿ ಹಂತದಲ್ಲೂ ಇಮ್ಮಡಿ ತೆಳುಗೊಳಿಸುತ್ತ ಹೋಗಿ, ಅರ್ಧದಷ್ಟು ಲೆಪ್ಟೊಸ್ಪೈರಾಗಳು ಗುಂಪುಗೂಡುವ ಕೊನೆಯ ಹಂತವನ್ನು ಟೈಟರ್ ಎಂದು ದಾಖಲಿಸಬೇಕು.

ಈ ಸಂಖ್ಯೆಯನ್ನು ಓದುವುದರಲ್ಲಿಯೇ ನಿಜವಾದ ಕೆಲಸವಿದೆ. ರೋಗದ ಮೊದಲ ದಿನಗಳಲ್ಲಿ ಪ್ರತಿಕಾಯಗಳು ಇನ್ನೂ ಹುಟ್ಟಿರದ ಕಾರಣ ನಕಾರಾತ್ಮಕ ಫಲಿತಾಂಶ ಬರಬಹುದು. ಹಾಗೆಯೇ ಹಿಂದೆಂದೋ ಸೋಂಕು ತಗುಲಿ ಗುಣವಾದ ಪ್ರಾಣಿಯಲ್ಲಿ ಟೈಟರ್ ಉಳಿದುಕೊಂಡಿರಬಹುದು, ಮರಿಯಲ್ಲಿ ಕಾಣುವ ಪ್ರತಿಕಾಯ ತಾಯಿಯದ್ದೇ ಆಗಿರಬಹುದು. ಆದ್ದರಿಂದ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡನೆಯ ಮಾದರಿ ತೆಗೆದು, ನಾಲ್ಕು ಪಟ್ಟು ಏರಿಕೆಯಿದೆಯೇ ಎಂದು ನೋಡುವುದನ್ನು ನಾನು ಎಂದೂ ಕೈಬಿಡುವುದಿಲ್ಲ. ಆದರೆ ಚಿಕಿತ್ಸೆಯನ್ನು ಅದಕ್ಕಾಗಿ ತಡೆಹಿಡಿಯುವಂತಿಲ್ಲ. ಲಕ್ಷಣಗಳೂ ಮೂತ್ರಪಿಂಡದ ಅಂಕಿಗಳೂ ಒಂದೇ ಕಡೆ ಬೆರಳು ತೋರಿಸಿದಾಗ ಔಷಧಿ ಆರಂಭಿಸಿ, ಮೂತ್ರವನ್ನು ಬ್ಯಾಕ್ಟೀರಿಯಾದ ಡಿಎನ್ಎ ಹುಡುಕುವ ಪಿಸಿಆರ್‌ಗೆ ಕಳಿಸುತ್ತೇನೆ.

ಡಾಲ್ಫಿನ್‌ಗಳಲ್ಲಿ ಯಾವ ಬ್ಯಾಕ್ಟೀರಿಯಾ ಎಂದು ತಿಳಿಯುವ ಮೊದಲೇ ಉರಿಯೂತದ ಸುಳಿವು ರಕ್ತದಲ್ಲಿ ಸಿಗುತ್ತದೆ: ಇಎಸ್‌ಆರ್ (ಕೆಂಪುಕಣಗಳು ತಳಕ್ಕಿಳಿಯುವ ವೇಗ) ಮತ್ತು ಫೈಬ್ರಿನೊಜೆನ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ರೋಟೀನ್) ಏರುತ್ತವೆ, ಸೀರಮ್‌ನ ಕಬ್ಬಿಣ ಇಳಿಯುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಕೂಡ ಇಳಿಯುತ್ತದೆ. ನಾಯಿ, ಬೆಕ್ಕುಗಳ ರಕ್ತ ನೋಡಿ ಅಭ್ಯಾಸವಾದವರಿಗೆ ಈ ಕೊನೆಯ ಅಂಶ ವಿಚಿತ್ರವೆನಿಸಬಹುದು, ಆದರೆ ಪ್ರಾಣಿ ಚೇತರಿಸಿಕೊಳ್ಳುತ್ತಿದೆಯೇ ಎಂದು ತಿಳಿಯಲು ನಾನು ಬಹಳವಾಗಿ ನೆಚ್ಚುವುದು ಇದನ್ನೇ.

ಕಡಲ ಬ್ರುಸೆಲ್ಲಾ ಪ್ರಯೋಗಾಲಯದ ಸಿಬ್ಬಂದಿಯೊಬ್ಬರಿಗೆ ತಗುಲಿದ ಪ್ರಕರಣ 1999ರಲ್ಲಿ ಪ್ರಕಟವಾಗಿದೆ. ಹೀಗಾಗಿ ಕೈಗವಸು, ಕಣ್ಣಿನ ರಕ್ಷಣೆಯಿಲ್ಲದೆ ಯಾರೂ ಮಾದರಿ ಮುಟ್ಟಕೂಡದು, ಬ್ಯಾಕ್ಟೀರಿಯಾ ಬೆಳೆಸುವ ಕೆಲಸ ತಕ್ಕ ಸುರಕ್ಷತೆಯಿರುವ ಪ್ರಯೋಗಾಲಯದಲ್ಲಿಯೇ ನಡೆಯಬೇಕು. ಉಳಿದ ಸೀರಮ್ಮನ್ನು ಸಣ್ಣ ಸಣ್ಣ ಶೀಶೆಗಳಿಗೆ ಹಂಚಿ ಘನೀಕರಿಸಿ ಇಡುತ್ತೇನೆ. ಎರಡನೆಯ ಮಾದರಿ ಬಂದ ದಿನ ಹಳೆಯದನ್ನೂ ಹೊರತೆಗೆದು, ಎರಡನ್ನೂ ಒಂದೇ ಫಲಕದಲ್ಲಿ, ಒಂದೇ ಆ್ಯಂಟಿಜೆನ್‌ನೊಂದಿಗೆ ಪರೀಕ್ಷಿಸಿದಾಗಲೇ ಏರಿಕೆ ಇಳಿಕೆಗಳ ಬಗ್ಗೆ ವರದಿ ಬರೆಯುತ್ತೇನೆ.